ಮೋಕ್ಷಕ್ಕೆ ರೇಟು ಎಷ್ಟು? - ಕೃಪೆ ಮತ್ತು ಕಟ್ಟಳೆಯ ಹಳೇ ಜಗಳ

ಸ್ನೇಹಿತರೇ, ಈ ಸಲ ಸ್ವಲ್ಪ ಭಾರದ ವಿಷಯ ಎತ್ತಿಕೊಂಡಿದ್ದೇನೆ. ಉದ್ದವೂ ಆಗಿದೆ. ಕಾಫಿ ಪಕ್ಕಕ್ಕಿಟ್ಟುಕೊಂಡೇ ಕೂತ್ಕೊಳ್ಳಿ :)

ದೇವರು ಮನುಷ್ಯನನ್ನು ಉದ್ಧಾರ ಮಾಡುವುದು ಅವನು ನೇಮ ನಿಷ್ಠೆಗಳನ್ನು ಸರಿಯಾಗಿ ಪಾಲಿಸಿದ್ದಕ್ಕೋ, ಅಥವಾ ಸುಮ್ಮನೆ, ತನ್ನ ಕರುಣೆಯಿಂದಲೋ? ಕ್ರೈಸ್ತ ಧರ್ಮದ ಎರಡು ಸಾವಿರ ವರ್ಷದ ಇತಿಹಾಸದಲ್ಲಿ ಈ ಒಂದು ಪ್ರಶ್ನೆಗೆ ಸುರಿದಷ್ಟು ಶಾಯಿ ಬೇರೆ ಯಾವುದಕ್ಕೂ ಸುರಿದಿರಲಿಕ್ಕಿಲ್ಲ. ಶಾಯಿ ಮಾತ್ರ ಅಲ್ಲ, ರಕ್ತವೂ ಹರಿಯಿತು. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಇತಿಹಾಸದ ಪುಸ್ತಕಗಳ ಹುಚ್ಚು ಇರುವ ಒಬ್ಬ ಸಾಮಾನ್ಯ ಓದುಗ. ಲೂಥರ್ ಅಂದರೆ ಶಾಲೆಯ ಸಮಾಜ ಪಾಠದಲ್ಲಿ "ಧರ್ಮ ಸುಧಾರಣೆಗೆ ಕಾರಣಗಳು, ಐದು ಅಂಕ" ಅಂತ ಉರು ಹೊಡೆದದ್ದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪು. ಆ ಐದು ಅಂಕದ ಹಿಂದೆ ಏನಿತ್ತು ಅಂತ ಓದುತ್ತಾ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ಎರಡು ಪದ. ಕನ್ನಡ ಬೈಬಲ್ಲಿನಲ್ಲಿ ಒಂದಕ್ಕೆ 'ಕೃಪೆ' ಅಂತಲೂ ಇನ್ನೊಂದಕ್ಕೆ 'ಧರ್ಮಶಾಸ್ತ್ರ' ಅಂತಲೂ ಹೇಳುತ್ತಾರೆ. ಈ ಎರಡನೆಯದನ್ನು ಕೇಳಿದ ಕೂಡಲೇ ನಮಗೆ ಮನು, ಯಾಜ್ಞವಲ್ಕ್ಯ ನೆನಪಾಗುತ್ತಾರೆ. ಆದರೆ ಅಲ್ಲಿ ಅದರ ಅರ್ಥ ಯೆಹೂದ್ಯರ 'ತೋರಾ', ಅಂದರೆ ಮೋಶೆಯ ಮೂಲಕ ದೇವರು ಕೊಟ್ಟ ಕಟ್ಟಳೆಗಳು. ಸುನ್ನತಿ, ಸಬ್ಬತ್ ದಿನದ ವಿಶ್ರಾಂತಿ, ಏನು ತಿನ್ನಬೇಕು, ಏನು ತಿನ್ನಬಾರದು... ಎಲ್ಲ ಅದರಲ್ಲಿ ಬರುತ್ತವೆ.

ಜಗಳ ಶುರುವಾದದ್ದು ಊಟದ ಪಂಕ್ತಿಯಲ್ಲಿ

ನನಗೆ ಅತ್ಯಂತ ಆಶ್ಚರ್ಯ ತಂದ ವಿಷಯ ಇದು. ಇಷ್ಟು ದೊಡ್ಡ ಸಿದ್ಧಾಂತ ಯಾವುದೋ ವಿದ್ವತ್ ಸಭೆಯಲ್ಲಿ ಹುಟ್ಟಿರಬೇಕು ಅಂದುಕೊಳ್ಳುತ್ತೇವೆ. ಅದರ ಮೊದಲ ದೊಡ್ಡ ಜಗಳ ನಡೆದದ್ದು ಊಟದ ವಿಷಯಕ್ಕೆ!

ಕ್ರಿ.ಶ. ಮೊದಲ ಶತಮಾನದ ಮಧ್ಯಭಾಗ. ಊರು ಅಂತಿಯೋಕ್ಯ, ರೋಮನ್ ಸಾಮ್ರಾಜ್ಯದ ಸಿರಿಯಾ ಪ್ರಾಂತದ ದೊಡ್ಡ ಪಟ್ಟಣ. ಯೇಸುವನ್ನು ನಂಬಿದವರಲ್ಲಿ ಯೆಹೂದ್ಯರೂ ಇದ್ದರು, ಯೆಹೂದ್ಯರಲ್ಲದ ಗ್ರೀಕರೂ ಇದ್ದರು. ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಯೇಸುವಿನ ಹಿರಿಯ ಶಿಷ್ಯ ಪೇತ್ರನೂ ಅಲ್ಲಿಗೆ ಬಂದಾಗ ಅದೇ ಪಂಕ್ತಿಯಲ್ಲಿ ಕೂತ. ಅಷ್ಟರಲ್ಲಿ ಯೆರೂಸಲೇಮಿನಿಂದ, ಯಾಕೋಬನ ಕಡೆಯವರು ಕೆಲವರು ಬಂದರು. ಪೇತ್ರನಿಗೆ ಮುಜುಗರವಾಯಿತು. ಮೆಲ್ಲಗೆ ಆ ಪಂಕ್ತಿಯಿಂದ ಎದ್ದು ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಪೌಲನ ಜೊತೆಗಾರ ಬಾರ್ನಬನೂ ಎದ್ದುಹೋದ.

ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಇದು ಅವನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಾಖಲಾಗಿದೆ. ಅವನ ವಾದ ಸರಳ. ಗ್ರೀಕನು ಮೊದಲು ಸುನ್ನತಿ ಮಾಡಿಸಿಕೊಂಡು, ಯೆಹೂದ್ಯ ಕಟ್ಟಳೆ ಒಪ್ಪಿಕೊಂಡರೆ ಮಾತ್ರ ನಿಮ್ಮ ಪಕ್ಕ ಕೂರಬಹುದು ಅನ್ನುವುದಾದರೆ, ಕ್ರಿಸ್ತ ಸತ್ತದ್ದು ಯಾಕೆ? ದೇವರು ಮನುಷ್ಯನನ್ನು ಒಪ್ಪಿಕೊಳ್ಳುವುದು ನಂಬಿಕೆಯ ಮೂಲಕ, ಕಟ್ಟಳೆಯ ಪಾಲನೆಯಿಂದಲ್ಲ. ಇದಕ್ಕೆ ಅವನು ಕೊಡುವ ಸಾಕ್ಷಿ ಅಬ್ರಹಾಮ. ಅಬ್ರಹಾಮ ದೇವರನ್ನು ನಂಬಿದ, ಅದೇ ಅವನ ಲೆಕ್ಕಕ್ಕೆ ನೀತಿಯಾಗಿ ಸೇರಿತು ಅಂತ ಆದಿಕಾಂಡದ 15ನೇ ಅಧ್ಯಾಯದಲ್ಲಿದೆ. ಸುನ್ನತಿಯ ಆಜ್ಞೆ ಬರುವುದು 17ನೇ ಅಧ್ಯಾಯದಲ್ಲಿ. ಮೋಶೆಯ ಧರ್ಮಶಾಸ್ತ್ರ ಬಂದದ್ದಂತೂ 430 ವರ್ಷ ಆದಮೇಲೆ ಅನ್ನುತ್ತಾನೆ ಪೌಲ. ಪಕ್ಕಾ ವಕೀಲನ ವಾದ!

ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಈ ಕತೆ ಯುರೋಪಿನ ಓದುಗನಿಗಿಂತ ನಮಗೆ ಬೇಗ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ. 'ಕೃಪೆ' ಅನ್ನುವುದು ಇಲ್ಲಿ ಬರೀ ಸತ್ತ ಮೇಲಿನ ಮಾತಲ್ಲ. ಬದುಕಿರುವಾಗ ಯಾರ ಪಕ್ಕ ಯಾರು ಕೂರಬಹುದು ಅನ್ನುವ ಪ್ರಶ್ನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಪೌಲನ ಮಾತಿಗೆ ಎದುರು ಮಾತೂ ಬೈಬಲ್ಲಿನಲ್ಲೇ ಇದೆ. ಯಾಕೋಬನ ಪತ್ರ ಅಂತ ಒಂದಿದೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುವುದು ಅದರ ವಾದ. ಅಲ್ಲೂ ಸಾಕ್ಷಿಗೆ ಕರೆಸಿರುವುದು ಅದೇ ಅಬ್ರಹಾಮನನ್ನೇ! ಎರಡೂ ಪತ್ರಗಳನ್ನು ಒಂದೇ ಪುಸ್ತಕದಲ್ಲಿ ಇಟ್ಟು ಹೊಲಿದವರಿಗೆ ಈ ಜಗಳ ಮುಗಿಯುವಂಥದ್ದಲ್ಲ ಅಂತ ಗೊತ್ತಿತ್ತೇನೋ.

ಲೆಕ್ಕದ ಪುಸ್ತಕ ಬಂತು

ಮುಂದಿನ ದೊಡ್ಡ ಸುತ್ತು ಐದನೇ ಶತಮಾನದ್ದು. ಪೆಲಾಗಿಯಸ್ ಎಂಬ ಬ್ರಿಟನ್ ಮೂಲದ ಸನ್ಯಾಸಿ ರೋಮ್ ನಗರದಲ್ಲಿದ್ದ. ಮನುಷ್ಯನಿಗೆ ದೇವರು ಸ್ವತಂತ್ರ ಇಚ್ಛೆ ಕೊಟ್ಟಿದ್ದಾನೆ, ಮನಸ್ಸು ಮಾಡಿದರೆ ಒಳ್ಳೆಯವನಾಗಿ ಬಾಳಬಹುದು, ನೆಪ ಹೇಳಬೇಡಿ ಅನ್ನುವುದು ಅವನ ಬೋಧನೆ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಇದನ್ನು ಒಪ್ಪಲಿಲ್ಲ. ಮನುಷ್ಯನ ಇಚ್ಛೆಯೇ ರೋಗಕ್ಕೆ ಬಿದ್ದಿದೆ, ಒಳ್ಳೆಯದನ್ನು ಬಯಸುವುದಕ್ಕೂ ದೇವರ ಕೃಪೆಯೇ ಬೇಕು ಅಂದ. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಗಿಯಸ್‌ನ ವಾದವನ್ನು ತಳ್ಳಿಹಾಕಿತು. 529ರಲ್ಲಿ ಫ್ರಾನ್ಸಿನ ಒರಾಂಜಿನಲ್ಲಿ ಸೇರಿದ ಸಭೆ ಕೂಡ ಮೊದಲ ಹೆಜ್ಜೆ ಕೃಪೆಯದ್ದೇ ಅಂತ ಹೇಳಿತು. ಅಂದರೆ ಮಧ್ಯಯುಗದ ಚರ್ಚು "ಪುಣ್ಯ ಮಾಡು, ಮೋಕ್ಷ ಕೊಂಡುಕೋ" ಅಂತ ಬೋಧಿಸುತ್ತಿತ್ತು ಎಂಬ ಮಾತು ಪುಸ್ತಕದ ಮಟ್ಟಿಗೆ ನಿಜ ಅಲ್ಲ. ಪುಸ್ತಕದಲ್ಲಿ ಕೃಪೆಯೇ ಇತ್ತು.

ಬೀದಿಯಲ್ಲಿ ಏನಿತ್ತು ಅನ್ನುವುದು ಬೇರೆ ಕತೆ.

ಪಾಪ ಒಪ್ಪಿಕೊಂಡರೆ ಪಾದ್ರಿ ಕ್ಷಮೆ ಕೊಡುತ್ತಾನೆ. ಆದರೆ ತಪ್ಪಿಗೆ ಕ್ಷಮೆ ಸಿಕ್ಕರೂ ಶಿಕ್ಷೆಯ ಬಾಕಿ ಉಳಿಯುತ್ತದೆ. ಅದನ್ನು ಇಲ್ಲಿ ಉಪವಾಸ, ಯಾತ್ರೆ, ದಾನಗಳಿಂದ ತೀರಿಸಬೇಕು. ತೀರದೇ ಉಳಿದದ್ದನ್ನು ಸತ್ತ ಮೇಲೆ 'ಪರ್ಗೆಟರಿ'ಯಲ್ಲಿ ಬೆಂದು ತೀರಿಸಬೇಕು. ಇದು ನರಕ ಅಲ್ಲ, ಸ್ವರ್ಗಕ್ಕೆ ಹೋಗುವ ಮೊದಲು ಬಾಕಿ ಚುಕ್ತಾ ಮಾಡುವ ಜಾಗ. ಇನ್ನೊಂದು ಕಡೆ ಕ್ರಿಸ್ತ ಮತ್ತು ಸಂತರು ಗಳಿಸಿದ ಪುಣ್ಯದ ಭಂಡಾರ ಇದೆ, ಅದರ ಕೀಲಿ ಚರ್ಚಿನ ಕೈಯಲ್ಲಿದೆ ಅಂತ 1343ರಲ್ಲಿ ಆರನೇ ಕ್ಲೆಮೆಂಟ್ ಪೋಪ್ ಘೋಷಿಸಿದ. ಆ ಭಂಡಾರದಿಂದ ತೆಗೆದು ನಿಮ್ಮ ಬಾಕಿಗೆ ಜಮಾ ಮಾಡುವುದೇ 'ಇಂಡಲ್ಜೆನ್ಸ್', ಅಂದರೆ ಶಿಕ್ಷೆಯ ಮಾಫಿ. 1476ರಲ್ಲಿ ನಾಲ್ಕನೇ ಸಿಕ್ಸ್ಟಸ್ ಪೋಪ್ ಇದನ್ನು ಈಗಾಗಲೇ ಸತ್ತವರ ಹೆಸರಿಗೂ ಮಾಡಿಸಬಹುದು ಅಂದ.

ಯೋಚಿಸಿ ನೋಡಿ. ಸತ್ತ ನಿಮ್ಮ ಅಮ್ಮ ಅಲ್ಲಿ ಬೇಯುತ್ತಿದ್ದಾಳೆ, ಇಷ್ಟು ಕಾಸು ಕೊಟ್ಟರೆ ಈಗಲೇ ಮೇಲೆ ಹೋಗುತ್ತಾಳೆ ಅಂದರೆ ಯಾವ ಮಗ ಕೊಡುವುದಿಲ್ಲ? ಸಾಲ ಮಾಡಿಯಾದರೂ ಕೊಡುತ್ತಾನೆ. ಇದು ಮೂಢನಂಬಿಕೆ ಅಂತ ನಾವು ನಗಬಹುದು. ನನಗೆ ಆ ಮಗನನ್ನು ನೋಡಿ ನಗು ಬರುವುದಿಲ್ಲ.

ಈಗ 1514ಕ್ಕೆ ಬನ್ನಿ. ಜರ್ಮನಿಯ ಆಲ್ಬ್ರೆಕ್ಟ್ ಎಂಬ ರಾಜಮನೆತನದ ಹುಡುಗನಿಗೆ ಇನ್ನೂ 24 ತುಂಬಿರಲಿಲ್ಲ. ಆಗಲೇ ಮಾಗ್ಡೆಬರ್ಗಿನ ಆರ್ಚ್‌ಬಿಷಪ್. ಜೊತೆಗೆ ಮೈನ್ಸ್ ಊರಿನ ಆರ್ಚ್‌ಬಿಷಪ್ ಪದವಿಯೂ ಬೇಕೆಂದ. ಒಬ್ಬನಿಗೆ ಅಷ್ಟು ಪದವಿ ಕೊಡುವುದು ನಿಯಮಕ್ಕೆ ವಿರುದ್ಧ, ಹಾಗಾಗಿ ರೋಮಿಗೆ ದೊಡ್ಡ ಮೊತ್ತ ಕಟ್ಟಬೇಕಾಯಿತು. ಆಗ್ಸ್‌ಬರ್ಗಿನ ಫುಗ್ಗರ್ ಎಂಬ ಸಾಹುಕಾರ ಮನೆತನದಿಂದ ಸುಮಾರು 29,000 ಗಿಲ್ಡರ್ ಸಾಲ ಎತ್ತಿದ. ಆ ಸಾಲ ತೀರಿಸಲು ದಾರಿ ಏನು? ರೋಮಿನ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೆಂದು ಹತ್ತನೇ ಲಿಯೋ ಪೋಪ್ ಹೊರಡಿಸಿದ್ದ ಇಂಡಲ್ಜೆನ್ಸನ್ನು ಆಲ್ಬ್ರೆಕ್ಟ್ ತನ್ನ ಸೀಮೆಯಲ್ಲಿ ಮಾರಿಸುವುದು. ಬಂದದ್ದರಲ್ಲಿ ಅರ್ಧ ರೋಮಿಗೆ, ಅರ್ಧ ಫುಗ್ಗರರ ಸಾಲಕ್ಕೆ. ಜನರಿಗೆ ಹೇಳಿದ್ದು ದೇವಾಲಯದ ಹೆಸರು ಮಾತ್ರ. ಅಂತಸ್ತಿಗೆ ತಕ್ಕ ರೇಟೂ ಇತ್ತು: ರಾಜರಿಗೆ 25 ಗಿಲ್ಡರ್, ಕೆಳಗಿನವರಿಗೆ ಇಳಿಯುತ್ತಾ ಇಳಿಯುತ್ತಾ ಒಂದು, ಅರ್ಧ. ಏನೂ ಇಲ್ಲದವರು ಪ್ರಾರ್ಥನೆ, ಉಪವಾಸ ಮಾಡಿದರೂ ಆದೀತು ಅಂತಲೂ ಬರೆದಿತ್ತು, ಅದನ್ನೂ ಹೇಳಬೇಕು. ಮಾರುವ ಕೆಲಸ ವಹಿಸಿಕೊಂಡವನು ಯೋಹಾನ್ ಟೆಟ್ಸೆಲ್ ಎಂಬ ಡೊಮಿನಿಕನ್ ಸನ್ಯಾಸಿ, ಭಾರೀ ಮಾತುಗಾರ.

ಗುಡುಗಿಗೆ ಹೆದರಿ ಸನ್ಯಾಸಿಯಾದವನು

ಮಾರ್ಟಿನ್ ಲೂಥರ್ ಹುಟ್ಟಿದ್ದು 1483ರ ನವೆಂಬರ್ 10ರಂದು. ಅಪ್ಪನಿಗೆ ತಾಮ್ರದ ಗಣಿಯ ವ್ಯವಹಾರ, ಮಗ ವಕೀಲನಾಗಲಿ ಅಂತ ಆಸೆ. 1505ರ ಜುಲೈನಲ್ಲಿ ದಾರಿಯಲ್ಲಿ ಹೋಗುವಾಗ ಸಿಡಿಲು ಹತ್ತಿರದಲ್ಲೇ ಬಡಿಯಿತು. ಹೆದರಿ, ಬದುಕಿದರೆ ಸನ್ಯಾಸಿಯಾಗುತ್ತೇನೆ ಅಂತ ಸಂತ ಅನ್ನಾಳಿಗೆ ಹರಕೆ ಹೊತ್ತ. ಎರಡು ವಾರದಲ್ಲಿ ಎರ್‌ಫರ್ಟಿನ ಮಠದ ಬಾಗಿಲು ತಟ್ಟಿದ.

ಮಠದಲ್ಲಿ ಅವನಿಗೆ ನೆಮ್ಮದಿ ಸಿಗಲಿಲ್ಲ. ಉಪವಾಸ, ಜಾಗರಣೆ, ಪಾಪ ನಿವೇದನೆ. ಎಷ್ಟು ಹೇಳಿಕೊಂಡರೂ ಇನ್ನೊಂದು ಪಾಪ ಮರೆತಿರಬಹುದು ಎಂಬ ಭಯ. ಅವನ ಹಿರಿಯ ಸ್ಟೌಪಿಟ್ಸ್ ಕರುಣೆಯ ಮನುಷ್ಯ. ನಿನ್ನ ಲೆಕ್ಕ ಬಿಡು, ಕ್ರಿಸ್ತನ ಗಾಯಗಳನ್ನು ನೋಡು ಅಂತ ಸಮಾಧಾನ ಹೇಳುತ್ತಿದ್ದ. 1512ರಲ್ಲಿ ಲೂಥರ್ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪಾಠ ಹೇಳುವ ಪ್ರೊಫೆಸರ್ ಆದ. ಕೀರ್ತನೆಗಳು, ರೋಮಾಪುರದವರಿಗೆ ಬರೆದ ಪತ್ರ, ಗಲಾತ್ಯದವರಿಗೆ ಬರೆದ ಪತ್ರ - ಒಂದೊಂದಾಗಿ ಪಾಠ ಮಾಡಿದ.

ಅವನನ್ನು ಕಾಡಿದ್ದು 'ದೇವರ ನೀತಿ' ಎಂಬ ಎರಡೇ ಪದ. ದೇವರು ನೀತಿವಂತ ಅಂದರೆ ತಪ್ಪಿಗೆ ತಕ್ಕ ಶಿಕ್ಷೆ ಕೊಡುವ ನ್ಯಾಯಾಧೀಶ ಅಂತ ಅವನು ಕಲಿತಿದ್ದ. ಹಾಗಿದ್ದರೆ ಆ ನೀತಿ ಶುಭವಾರ್ತೆ ಹೇಗಾದೀತು? ಕೊನೆಗೆ ಅವನಿಗೆ ಹೊಳೆದ ಅರ್ಥ ಬೇರೆ: ಅದು ದೇವರು ತನ್ನಲ್ಲಿಟ್ಟುಕೊಂಡು ನಮ್ಮನ್ನು ಅಳೆಯುವ ನೀತಿ ಅಲ್ಲ, ನಮಗೆ ಕೊಡುವ ನೀತಿ. ನಂಬಿದವನಿಗೆ ಅದು ದಾನವಾಗಿ ಸಿಗುತ್ತದೆ. ವಯಸ್ಸಾದ ಮೇಲೆ, 1545ರಲ್ಲಿ ಬರೆದ ಮುನ್ನುಡಿಯೊಂದರಲ್ಲಿ, ಆಗ ತನಗೆ ಸ್ವರ್ಗದ ಬಾಗಿಲು ತೆರೆದಂತಾಯಿತು ಎಂಬರ್ಥದಲ್ಲಿ ನೆನಪು ಮಾಡಿಕೊಂಡಿದ್ದಾನೆ.

ಟೆಟ್ಸೆಲ್‌ಗೆ ವಿಟೆನ್‌ಬರ್ಗಿಗೆ ಬರಲು ಅಪ್ಪಣೆ ಇರಲಿಲ್ಲ. ಕಾರಣ ಧಾರ್ಮಿಕ ಅಲ್ಲ ಮಾರಾಯ್ರೇ, ವ್ಯಾಪಾರದ್ದು! ಅಲ್ಲಿನ ದೊರೆ ಫ್ರೆಡರಿಕ್ ಬಳಿ ಸಂತರ ಎಲುಬು, ಬಟ್ಟೆ ಚೂರುಗಳಂಥ ಪವಿತ್ರ ಅವಶೇಷಗಳ ಸಂಗ್ರಹವೇ ಇತ್ತು. 1520ರ ಹೊತ್ತಿಗೆ 19,000ಕ್ಕೂ ಹೆಚ್ಚು. ಅದನ್ನೆಲ್ಲ ಕ್ರಮವಾಗಿ ದರ್ಶನ ಮಾಡಿದರೆ ಪರ್ಗೆಟರಿಯಲ್ಲಿ 19 ಲಕ್ಷ ವರ್ಷ ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ತನ್ನ ಗಿರಾಕಿಗಳನ್ನು ಬೇರೆಯವರಿಗೆ ಯಾಕೆ ಬಿಟ್ಟಾನು? ಆದರೂ ಜನ ಗಡಿ ದಾಟಿ ಪಕ್ಕದ ಯೂಟರ್‌ಬೋಗ್ ಊರಿಗೆ ಹೋಗಿ ಟೆಟ್ಸೆಲ್ ಹತ್ತಿರ ಚೀಟಿ ಕೊಂಡು ತಂದರು. 1517ರ ಅಕ್ಟೋಬರ್ 31ರಂದು ಲೂಥರ್ ಇದರ ವಿರುದ್ಧ 95 ಅಂಶಗಳನ್ನು ಬರೆದು ಆಲ್ಬ್ರೆಕ್ಟ್‌ನಿಗೇ ಕಳಿಸಿದ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಪ್ರಸಂಗ ನಿಜವಾಗಿ ನಡೆಯಿತೇ ಅಂತ 1961ರಲ್ಲಿ ಇಸರ್ಲೋ ಎಂಬ ಕ್ಯಾಥೊಲಿಕ್ ಇತಿಹಾಸಕಾರ ಸಂಶಯ ಎತ್ತಿದ ಮೇಲೆ ಆ ಚರ್ಚೆ ಇನ್ನೂ ನಡೆದಿದೆ. ಆದರೆ ಪತ್ರ ಕಳಿಸಿದ್ದು ಖಂಡಿತ.

ಮುಂದಿನದು ನಿಮಗೆ ಗೊತ್ತಿರುವ ಕತೆ. 1521ರ ಜನವರಿಯಲ್ಲಿ ಬಹಿಷ್ಕಾರ, ಏಪ್ರಿಲ್‌ನಲ್ಲಿ ವರ್ಮ್ಸ್ ಊರಿನಲ್ಲಿ ಚಕ್ರವರ್ತಿಯ ಎದುರು ವಿಚಾರಣೆ, ನಂತರ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಜ್ಞಾತವಾಸ.

ಒಂದು ಪದದ ಗಲಾಟೆ

ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಇಷ್ಟವಾಗುವ ಭಾಗ ಇದು. ಆ ಅಜ್ಞಾತವಾಸದಲ್ಲಿ ಲೂಥರ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜರ್ಮನ್ ಭಾಷೆಗೆ ತಂದ. ಅಚ್ಚಾದದ್ದು 1522ರ ಸೆಪ್ಟೆಂಬರ್. ರೋಮಾಪುರದ ಪತ್ರದ 3ನೇ ಅಧ್ಯಾಯದ 28ನೇ ವಚನದಲ್ಲಿ, ಮನುಷ್ಯನು ನೀತಿವಂತನಾಗುವುದು ನಂಬಿಕೆಯಿಂದ ಅಂತ ಇರುವ ಕಡೆ, 'ಅಲ್ಲೈನ್' ಅಂತ ಒಂದು ಪದ ಸೇರಿಸಿದ. 'ಮಾತ್ರ' ಅಂತ ಅರ್ಥ. ಮೂಲ ಗ್ರೀಕಿನಲ್ಲಿ ಆ ಪದ ಇಲ್ಲ. ವಿರೋಧಿಗಳು ಹಿಡಿದುಕೊಂಡರು: ದೇವರ ವಾಕ್ಯಕ್ಕೆ ಕೈಯಿಂದ ಪದ ಸೇರಿಸಿದ್ದೀಯಾ!

1530ರಲ್ಲಿ ಲೂಥರ್ ಅನುವಾದದ ಬಗ್ಗೆ ಒಂದು ಬಹಿರಂಗ ಪತ್ರ ಬರೆದು ಉತ್ತರ ಕೊಟ್ಟ. ಮೂಲದಲ್ಲಿ ಆ ಪದ ಇಲ್ಲ ಅಂತ ನನಗೂ ಗೊತ್ತು, ಆದರೆ ಒಂದು ಹೌದು ಇನ್ನೊಂದು ಅಲ್ಲ ಅನ್ನುವಾಗ ಜರ್ಮನ್ ಮಾತಾಡುವವನ ಬಾಯಲ್ಲಿ ಅದು ತಾನಾಗಿ ಬರುತ್ತದೆ. ಜರ್ಮನ್ ಹೇಗೆ ಮಾತಾಡಬೇಕು ಅಂತ ಲ್ಯಾಟಿನ್ನನ್ನು ಕೇಳಬಾರದು, ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಮನುಷ್ಯನನ್ನು ಕೇಳಬೇಕು ಅನ್ನುವುದು ಅವನ ವಾದದ ಸಾರ. ಅನುವಾದದ ಕಷ್ಟ ಅನುಭವಿಸಿದ ಯಾರಿಗಾದರೂ ಈ ಮಾತಿಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ. ನಮಗಂತೂ ಅಷ್ಟು ಕಷ್ಟವೇ ಇಲ್ಲ. 'ನಂಬಿಕೆಯಿಂದ' ಅನ್ನುವುದಕ್ಕೆ ಒಂದು 'ಏ' ಸೇರಿಸಿ 'ನಂಬಿಕೆಯಿಂದಲೇ' ಅಂದರೆ ಮುಗಿಯಿತು. ಯುರೋಪನ್ನು ಎರಡು ಹೋಳು ಮಾಡಿದ ಪದ ಕನ್ನಡದಲ್ಲಿ ಒಂದು ಸ್ವರ!

ತಮಾಷೆಯೆಂದರೆ 'ನಂಬಿಕೆಯಿಂದ ಮಾತ್ರ' ಎಂಬ ಪದಜೋಡಿ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ. ಅದು ಯಾಕೋಬನ ಪತ್ರದಲ್ಲಿ, ಅದೂ 'ಹಾಗಲ್ಲ' ಅಂತ ಹೇಳುವುದಕ್ಕೆ. ಲೂಥರ್‌ಗೆ ಆ ಪತ್ರ ಕಂಡರೆ ಅಷ್ಟಕ್ಕಷ್ಟೇ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ.

ರೈತರು ಬಿಲ್ ಕೇಳಿದರು

ಕೃಪೆ ಎಲ್ಲರಿಗೂ ಪುಕ್ಕಟೆ ಅಂತ ಸಾರಿದ ಮೇಲೆ ಅದನ್ನು ಕೇಳಿಸಿಕೊಂಡವರು ಸುಮ್ಮನಿರುತ್ತಾರೆಯೇ? 1525ರ ಮಾರ್ಚ್‌ನಲ್ಲಿ ಮೆಮ್ಮಿಂಗನ್ ಊರಿನಲ್ಲಿ ದಕ್ಷಿಣ ಜರ್ಮನಿಯ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿ ಮಾಡಿದರು. ಮೂರನೆಯದು ಜೀತದ ಬಗ್ಗೆ. ಕ್ರಿಸ್ತನು ದನಗಾಹಿಯಿಂದ ದೊರೆಯವರೆಗೆ ಎಲ್ಲರನ್ನೂ ತನ್ನ ರಕ್ತ ಕೊಟ್ಟು ಬಿಡಿಸಿದ್ದಾನೆ, ಹಾಗಿದ್ದ ಮೇಲೆ ನಾವು ಯಾರ ಸ್ವತ್ತೂ ಅಲ್ಲ ಎಂಬುದು ಅದರ ತಿರುಳು. ಪೌಲನ ಅಂತಿಯೋಕ್ಯದ ವಾದವನ್ನೇ ಹೊಲಕ್ಕೆ ತಂದಿದ್ದರು ಅಷ್ಟೇ.

ಲೂಥರ್ ಮೊದಲು ಇಬ್ಬರಿಗೂ ಬುದ್ಧಿ ಹೇಳಿದ, ದೊರೆಗಳನ್ನೂ ಬೈದ. ಆದರೆ ಆ ಮೂರನೇ ಬೇಡಿಕೆಯನ್ನು ಒಪ್ಪಲಿಲ್ಲ. ಕ್ರೈಸ್ತನ ಬಿಡುಗಡೆ ಆತ್ಮದ್ದು, ಅದನ್ನು ಮೈಗೆ ಎಳೆಯಬೇಡಿ ಅಂದ. ದಂಗೆ ಹೆಚ್ಚಿದ ಮೇಲೆ, ಮೇ ತಿಂಗಳಲ್ಲಿ, ದಂಗೆಕೋರರನ್ನು ಕಂಡಲ್ಲಿ ಇರಿದು ಕೊಲ್ಲಿ ಎಂದು ದೊರೆಗಳಿಗೆ ಹೇಳುವ ಕಟುವಾದ ಕಿರುಹೊತ್ತಗೆ ಬರೆದ. ಮೇ 15ರಂದು ಫ್ರಾಂಕನ್‌ಹೌಸನ್‌ನಲ್ಲಿ ರೈತರ ಮಾರಣಹೋಮ ಆಯಿತು. ಆ ವರ್ಷ ಒಟ್ಟು ಸತ್ತವರು 70,000ದಿಂದ 1,00,000 ಅಂತ ಇತಿಹಾಸಕಾರರ ಅಂದಾಜು.

ನನಗೆ ಲೂಥರನ ಮೇಲಿದ್ದ ಪ್ರೀತಿ ಈ ಪುಟಕ್ಕೆ ಬಂದಾಗ ಅರ್ಧ ಕರಗಿತು. ಉಳಿದರ್ಧ ಕರಗಿದ್ದು 1543ಕ್ಕೆ ಬಂದಾಗ. ಆ ವರ್ಷ ಅವನು ಯೆಹೂದ್ಯರ ವಿರುದ್ಧ ಬರೆದ ಪುಸ್ತಕದಲ್ಲಿ ಅವರ ಸಿನಗಾಗ್‌ಗಳನ್ನು ಸುಡಿ, ಮನೆಗಳನ್ನು ಕೆಡವಿ ಅಂತ ಸಲಹೆಗಳಿವೆ. 'ಕಟ್ಟಳೆ' ಅಂದರೆ ಯೆಹೂದ್ಯರು, 'ಕೃಪೆ' ಅಂದರೆ ನಾವು ಎಂಬ ಸಮೀಕರಣ ಎಲ್ಲಿಗೆ ಒಯ್ಯಬಹುದು ಅನ್ನುವುದಕ್ಕೆ ಇದು ಸಾಕ್ಷಿ. 1938ರ ನವೆಂಬರ್ 9-10ರ ರಾತ್ರಿ ಜರ್ಮನಿಯಲ್ಲಿ ಸಿನಗಾಗ್‌ಗಳು ಉರಿದವು. ನವೆಂಬರ್ 10 ಲೂಥರನ ಹುಟ್ಟುಹಬ್ಬ ಅಂತ ನೆನಪಿಸಿ ಮಾರ್ಟಿನ್ ಸಾಸ್ಸೆ ಎಂಬ ಬಿಷಪ್ ಲೂಥರನ ಆ ಬರಹಗಳ ಆಯ್ದ ಭಾಗಗಳನ್ನು ಅಚ್ಚು ಹಾಕಿಸಿ ಹಂಚಿದ. ಲೂಥರನ್ ಚರ್ಚುಗಳ ಜಾಗತಿಕ ಒಕ್ಕೂಟ 1984ರಲ್ಲಿ ಬುಡಾಪೆಸ್ಟಿನಲ್ಲಿ ಸೇರಿದಾಗ ಈ ಬರಹಗಳನ್ನು ತಳ್ಳಿಹಾಕಿತು.

ಇನ್ನೊಂದು ಮಾತು. ಯೆಹೂದ್ಯ ಧರ್ಮ ಅಂದರೆ ಕಟ್ಟಳೆ ಪಾಲಿಸಿ ಮೋಕ್ಷ ಗಳಿಸುವ ಧರ್ಮ ಎಂಬ ಚಿತ್ರವೇ ತಪ್ಪು ಅಂತ 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸ ದೊಡ್ಡ ಪುಸ್ತಕ ಬರೆದು ತೋರಿಸಿದ. ದೇವರು ಆ ಜನರನ್ನು ಮೊದಲು ಆರಿಸಿಕೊಂಡ, ಈಜಿಪ್ಟಿನ ದಾಸ್ಯದಿಂದ ಬಿಡಿಸಿದ. ಆಮೇಲೆ ಕಟ್ಟಳೆ ಕೊಟ್ಟ. ಹತ್ತು ಆಜ್ಞೆಗಳು ಶುರುವಾಗುವುದೇ ಆ ಬಿಡುಗಡೆಯನ್ನು ನೆನಪಿಸಿ. ಅಂದರೆ ಅಲ್ಲೂ ಕೃಪೆ ಮೊದಲು, ಕಟ್ಟಳೆ ಅದಕ್ಕೆ ಕೊಡುವ ಉತ್ತರ. ಸ್ಯಾಂಡರ್ಸ್ ನಂತರದ ಹಲವರು ಪೌಲನ ಸಿಟ್ಟು ಧರ್ಮಶಾಸ್ತ್ರದ ಮೇಲಲ್ಲ, ಅದನ್ನು ಬೇಲಿ ಮಾಡಿಕೊಂಡು ಬೇರೆಯವರನ್ನು ಹೊರಗಿಡುವುದರ ಮೇಲೆ ಅನ್ನುತ್ತಾರೆ. ಲೂಥರನ ಹಾದಿಯವರು ಎಲ್ಲರೂ ಇದನ್ನು ಒಪ್ಪಿಲ್ಲ. ನನಗೆ ಮಾತ್ರ ಆ ಅಂತಿಯೋಕ್ಯದ ಪಂಕ್ತಿ ನೆನೆದರೆ ಇದು ಸರಿ ಅನ್ನಿಸುತ್ತದೆ.

ಕ್ಯಾಥೊಲಿಕರ ಕಡೆಯ ಮಾತು

ಏಕಪಕ್ಷೀಯ ಆಗಬಾರದು. ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಇದರ ಬಗ್ಗೆ ತೀರ್ಮಾನ ಕೊಟ್ಟಿತು. ಕೃಪೆ ಇಲ್ಲದೆ ಬರೀ ಸ್ವಂತ ಕ್ರಿಯೆಯಿಂದ ಮನುಷ್ಯ ನೀತಿವಂತನಾಗಬಲ್ಲ ಅನ್ನುವವನಿಗೇ ಮೊದಲ ಬಹಿಷ್ಕಾರ! ಆದರೆ ಕೃಪೆ ಮನುಷ್ಯನನ್ನು ಒಳಗಿನಿಂದ ಬದಲಾಯಿಸುತ್ತದೆ, ಮನುಷ್ಯ ಅದಕ್ಕೆ ಒಪ್ಪಿ ಕೈಜೋಡಿಸುತ್ತಾನೆ, ಬರೀ ನಂಬಿಕೆ ಸಾಲದು ಅಂದರು. 1567ರಲ್ಲಿ ಐದನೇ ಪಯಸ್ ಪೋಪ್ ಹಣದ ವ್ಯವಹಾರ ಇರುವ ಇಂಡಲ್ಜೆನ್ಸ್‌ಗಳನ್ನು ರದ್ದು ಮಾಡಿದ. ಲೂಥರ್ ತೀರಿಕೊಂಡು ಆಗಲೇ 21 ವರ್ಷ.

ಈ ಚರ್ಚೆ ಓದಿದಾಗ ನಮ್ಮ ಶ್ರೀವೈಷ್ಣವರ ವಡಗಲೆ-ತೆಂಗಲೆ ವಾದ ನೆನಪಾಗದೇ ಇರದು. ಮಂಗನ ಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ. ಇದು ನನ್ನ ಹೋಲಿಕೆ ಅಲ್ಲ. ರುಡಾಲ್ಫ್ ಆಟೋ ಎಂಬ ಜರ್ಮನ್ ಲೂಥರನ್ ವಿದ್ವಾಂಸ 1930ರಲ್ಲಿ ಭಾರತದ ಕೃಪಾಮಾರ್ಗ ಮತ್ತು ಕ್ರೈಸ್ತ ಧರ್ಮದ ಬಗ್ಗೆ ಪುಸ್ತಕವನ್ನೇ ಬರೆದ. ಎರಡೂ ಒಂದೇ ಅಂತ ಅವನು ಹೇಳಲಿಲ್ಲ, ಆದರೆ ಇಷ್ಟು ಹತ್ತಿರದ ಪ್ರಶ್ನೆ ದೂರದ ನಾಡಿನಲ್ಲೂ ಹುಟ್ಟಿತ್ತಲ್ಲ ಅಂತ ಬೆರಗಾದ.

1999ರ ಅಕ್ಟೋಬರ್ 31ರಂದು ಕ್ಯಾಥೊಲಿಕ್ ಚರ್ಚು ಮತ್ತು ಲೂಥರನ್ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ಎಂಬ ಮೂಲ ಮಾತಿನಲ್ಲಿ ಇಬ್ಬರಿಗೂ ಭೇದವಿಲ್ಲ ಅಂದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಚರ್ಚುಗಳು ಸೇರಿಕೊಂಡವು. ಸಹಿ ಬಿದ್ದ ಊರು ಯಾವುದು ಗೊತ್ತೇ? ಆಗ್ಸ್‌ಬರ್ಗ್. ಫುಗ್ಗರ್ ಸಾಹುಕಾರರ ಊರು!

ನಮ್ಮ ಕಡೆಗೆ ಬಂದಾಗ

ಪ್ರೊಟೆಸ್ಟೆಂಟ್ ಮಿಷನರಿಗಳು ಭಾರತಕ್ಕೆ ಮೊದಲು ಬಂದದ್ದು 1706ರಲ್ಲಿ, ತಮಿಳುನಾಡಿನ ತರಂಗಂಬಾಡಿಗೆ. ತಂದದ್ದು ಲೂಥರನ ಇದೇ ಬೋಧನೆ. ಆದರೆ ಚರ್ಚಿನೊಳಗೆ ಜಾತಿಗೊಂದು ಕಡೆ ಕೂರುವ ಪದ್ಧತಿ ಮುಂದುವರಿಯಿತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನಲ್ಲಿ ಜಾತಿಭೇದ ಪೂರ್ತಿ ನಿಲ್ಲಬೇಕು ಅಂತ ಆಜ್ಞೆ ಹೊರಡಿಸಿದಾಗ ತಂಜಾವೂರು, ಮದರಾಸುಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಂತಿಯೋಕ್ಯದ ಊಟದ ಪಂಕ್ತಿ ಮತ್ತೆ ಬಂತು ನೋಡಿ.

ಅದರ ಮರುವರ್ಷ, 1834ರಲ್ಲಿ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ತಂದದ್ದು, 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟದ್ದು ನಮಗೆಲ್ಲ ಗೊತ್ತು. ಇವರು ಜಾತಿಯ ವಿಷಯದಲ್ಲಿ ಕಟ್ಟುನಿಟ್ಟು. ಮತಾಂತರವಾದವನು ಜಾತಿ ಬಿಡಲೇಬೇಕು. ಬಿಟ್ಟವನಿಗೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆ ಬಂದದ್ದಕ್ಕೆ ಇದೂ ಒಂದು ಕಾರಣ. ಕೃಪೆ ಪುಕ್ಕಟೆ, ಆದರೆ ಅದನ್ನು ಒಪ್ಪಿಕೊಂಡವನು ಊರಿಗೆ ತೆತ್ತ ಬೆಲೆ ಸಣ್ಣದಲ್ಲ.

ಇನ್ನೊಂದು ವಿಚಿತ್ರ. ಕೃಪೆಯನ್ನು ಸಾರಲು ಬಂದ ಈ ಮಿಷನರಿಗಳಿಗೇ ಮದುವೆಯಾಗಬೇಕಾದರೆ ಬಾಸೆಲ್‌ನಲ್ಲಿದ್ದ ಕಮಿಟಿಯ ಅಪ್ಪಣೆ ಬೇಕಿತ್ತು! ಎಷ್ಟೋ ಸಲ ಹುಡುಗಿಯನ್ನು ಗೊತ್ತುಮಾಡಿ ಹಡಗಿನಲ್ಲಿ ಕಳಿಸಿಕೊಡುತ್ತಿದ್ದದ್ದೂ ಅವರೇ. ಕಟ್ಟಳೆಯನ್ನು ಮುಂಬಾಗಿಲಿನಿಂದ ಕಳಿಸಿದರೆ ಹಿತ್ತಿಲ ಬಾಗಿಲಿನಿಂದ ಬರುತ್ತದೆ ಅನ್ನುವುದು ಇದಕ್ಕೇ.

ಅಗ್ಗದ ಕೃಪೆ

ಕೊನೆಗೆ ಒಬ್ಬನ ವಿಷಯ ಹೇಳಿ ಮುಗಿಸುತ್ತೇನೆ. ಎಲ್ಲ ಪುಕ್ಕಟೆ ಅಂದ ಮೇಲೆ ಒಳ್ಳೆಯವನಾಗಿ ಯಾಕಿರಬೇಕು? ಈ ಪ್ರಶ್ನೆ ಪೌಲನಿಗೂ ಎದುರಾಗಿತ್ತು, ಲೂಥರನಿಗೂ ಎದುರಾಗಿತ್ತು. ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬರುತ್ತದೆ, ಹಣ್ಣು ಕಟ್ಟಿ ಮರ ಮಾಡಲಾಗದು ಎಂಬ ಧಾಟಿಯಲ್ಲಿ ಲೂಥರ್ ಉತ್ತರ ಕೊಟ್ಟ. ಚೆಂದದ ಉತ್ತರವೇ. ಆದರೆ ನಾಲ್ಕು ಶತಮಾನ ಆದಮೇಲೆ ಲೂಥರನ ನಾಡಿನಲ್ಲೇ ಅದರ ಪರೀಕ್ಷೆ ಆಯಿತು.

1933ರಲ್ಲಿ ಹಿಟ್ಲರ್ ಬಂದ. ಯೆಹೂದ್ಯ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಪ್ರಷ್ಯಾದ ಪ್ರೊಟೆಸ್ಟೆಂಟ್ ಚರ್ಚು ತನ್ನ ಪಾದ್ರಿಗಳಿಗೂ ಆ ನಿಯಮ ಹೇರಿತು. ಆಗ 27 ವರ್ಷದ ಡೀಟ್ರಿಚ್ ಬಾನ್‌ಹೋಫರ್ ಎಂಬ ಲೂಥರನ್ ಪಾದ್ರಿ ಆ ವರ್ಷದ ಏಪ್ರಿಲ್‌ನಲ್ಲೇ ಬರೆದಿದ್ದ ಲೇಖನದಲ್ಲಿ ಒಂದು ಸೂಕ್ಷ್ಮ ಮಾತಿದೆ. ಚರ್ಚಿಗೆ ಸೇರಲು ಜನಾಂಗದ ಷರತ್ತು ಹಾಕುವವರೇ ಪೌಲ ವಿರೋಧಿಸಿದ ಹಳೇ ತಪ್ಪನ್ನು ಮಾಡುತ್ತಿದ್ದಾರೆ, ಕೃಪೆಯ ಮುಂದೆ ಹೊಸ ಕಟ್ಟಳೆ ಇಡುತ್ತಿದ್ದಾರೆ ಅನ್ನುವ ಅರ್ಥ ಅದರದ್ದು. ಅಂದರೆ ಯೆಹೂದ್ಯರನ್ನು ಹೊರಗಿಟ್ಟವರೇ ನಿಜವಾದ 'ಕಟ್ಟಳೆಯವರು'!

1937ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು 'ಅಗ್ಗದ ಕೃಪೆ' ಎಂಬ ಪದ ಬಳಸಿದ. ಪಶ್ಚಾತ್ತಾಪ ಇಲ್ಲದ ಕ್ಷಮೆ, ಹಿಂಬಾಲಿಸದ ಭಕ್ತಿ. ಕೃಪೆಗೆ ಬೆಲೆ ಇಲ್ಲ ನಿಜ, ಆದರೆ ಅದು ಅಗ್ಗ ಅಲ್ಲ. ಕೇಳಿಸಿಕೊಂಡವನ ಪ್ರಾಣವನ್ನೇ ಅದು ಕೇಳಬಹುದು ಅನ್ನುವುದು ಅವನ ನಿಲುವು. ಬರೆದದ್ದನ್ನೇ ಬದುಕಿದ. ಹಿಟ್ಲರ್ ವಿರುದ್ಧದ ಸಂಚಿನ ಬಳಗದಲ್ಲಿದ್ದು, 1943ರ ಏಪ್ರಿಲ್‌ನಲ್ಲಿ ಸೆರೆಯಾಗಿ, 1945ರ ಏಪ್ರಿಲ್ 9ರಂದು ಫ್ಲಾಸನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ. ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ. 'ಕೃಪೆಯೋ ಕಟ್ಟಳೆಯೋ' ಅನ್ನುವುದು ಸತ್ತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಇತಿಹಾಸದ ಪ್ರತಿ ತಿರುವಿನಲ್ಲೂ ಅದು ಬಾಗಿಲಲ್ಲಿ ನಿಂತವನ ಪ್ರಶ್ನೆ ಆಗಿತ್ತು. ಒಳಗೆ ಬರಲು ಏನು ತೋರಿಸಬೇಕು? ಸುನ್ನತಿಯೇ, ಚೀಟಿಯೇ, ಜಾತಿಯೇ, ಜನಾಂಗದ ಪ್ರಮಾಣಪತ್ರವೇ? ಯಾರಾದರೊಬ್ಬರು ಏನೂ ತೋರಿಸಬೇಕಿಲ್ಲ ಅಂತ ಬಾಗಿಲು ತೆರೆಯುತ್ತಾರೆ. ಸ್ವಲ್ಪ ದಿನದಲ್ಲೇ ಒಳಗೆ ಬಂದವರು ಅದೇ ಬಾಗಿಲಿಗೆ ಹೊಸ ಚಿಲಕ ಹಾಕುತ್ತಾರೆ. 'ಕೃಪೆಯನ್ನು ನಂಬುವವರು ನಾವು' ಎಂಬುದೇ ಆ ಚಿಲಕ ಆದದ್ದೂ ಉಂಟು, 1543ರ ಹಾಗೆ.

ದೇವರನ್ನು ನಂಬುವವರೂ ನಂಬದವರೂ ನಮ್ಮಲ್ಲಿದ್ದೀರಿ. ನಾವು ಯಾವ ಬಾಗಿಲಲ್ಲಿ ನಿಂತು, ಯಾರ ಹತ್ತಿರ ಯಾವ ಚೀಟಿ ಕೇಳುತ್ತಿದ್ದೇವೆ ಅಂತ ಒಂದು ಸಲ ನೋಡಿಕೊಳ್ಳುವುದಕ್ಕೆ ಕ್ರೈಸ್ತರೇ ಆಗಿರಬೇಕಿಲ್ಲ, ಅಲ್ವಾ?